ಅಕ್ಕಂದಿರ ಹಡಗುಗಳು

ಹಂಸ ದೊಡ್ಡಕ್ಕನದೋ ಚಿಕ್ಕಕ್ಕನದೋ? ಆನೆ ಚಿಕ್ಕಕ್ಕನದೇ ಆಗಿದ್ದರೆ ಹಂಸ ಅವಳ ಆಲ್ಬಮ್ಮಿಗೆ ಹೇಗೆ ಬಂತು? ತಾನೇ ಸರಿಯಾಗಿ ನೋಡುತ್ತಿಲ್ಲವೋ ಏನೋ. ಅಕ್ಕಂದಿರಿಬ್ಬರ ಒಬ್ಬನೇ ತಮ್ಮ, ಕಂಪ್ಯೂಟರಿನ ಮುಂದೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಚಿಕ್ಕಕ್ಕನ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ಹಂಸ ಇರಲೇ ಇಲ್ಲ. ಹಡಗಿನ ಕೋಣೆಯ ಹಾಸಿಗೆಯ ಮೇಲೆ ಬಿಳಿ ಟವೆಲ್ಲಿನಲ್ಲಿ ಮಡಿಸಿದ ಆನೆಯೊಂದು ಸೊಂಡಿಲೆತ್ತಿ ಕೂತಿತ್ತು.

ಸ್ವಲ್ಪ ಹೊತ್ತಿನ ಹಿಂದೆ ಚಿಕ್ಕಕ್ಕ ಫೋನು ಮಾಡಿ, ನೀನು ಮಾಡಿಕೊಟ್ಟ ಆಲ್ಬಮ್ ಬಹಳ ಚೆನ್ನಾಗಿ ಬಂದಿದೆ, ಅದರಲ್ಲಿರುವ ಟವೆಲ್ ಹಂಸವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಿಕೊಡು ಎಂದಿದ್ದಳು. ಕೋಣೆ ಚೊಕ್ಕಟ ಮಾಡುವವನು ದಿನಾ ಸಂಜೆ ಅವಳಿಗೆಂದೇ ಅದನ್ನು ಮಾಡಿಡುತ್ತಿದ್ದನಂತೆ. ಕತ್ತು ಬಾಗಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆಯಂತೆ. ಕಣ್ಣಿಗೆ ಕಟ್ಟಿದ್ದ ಆ ಹಂಸವನ್ನು ಹುಡುಕಿಕೊಂಡು ಹೋದ ತಮ್ಮನಿಗೆ ಅದು ಕೊನೆಗೆ ಸಿಕ್ಕಿದ್ದು ದೊಡ್ಡಕ್ಕನ ಕಾರ್ಡಿನಲ್ಲಿ.

ಅವನಿಗೆ ನಲವತ್ತು ದಾಟಿದ್ದರೂ ಮನೆಯವರೆಲ್ಲ ತಮ್ಮ ಎಂದೇ ಕರೆಯುತ್ತಿದ್ದರು. ಭಾವಂದಿರೂ ಹಾಗೇ, ಬೀದಿಯವರೂ ಹಾಗೇ. ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಅಮ್ಮನ ಜೊತೆ ಅವನ ಮನೆ. ಮಾತು ಕಮ್ಮಿ. ಮಾತು ಕಮ್ಮಿ ಇರುವವನ ಕೈಲೇ ಎಲ್ಲರೂ ಮಾತು ಹೇಳಿ ಕಳಿಸುತ್ತಾರೆ ಎಂಬುದು ಈ ಒಂದು ವರ್ಷದಲ್ಲಿ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು.

ವರ್ಷದ ಹಿಂದೆ ಚಿಕ್ಕಕ್ಕ ಮತ್ತು ಚಿಕ್ಕ ಭಾವ ಯಾರಿಗೂ ಹೇಳದೆ ಒಂದು ದೊಡ್ಡ ಪ್ರವಾಸಿ ಹಡಗು ಹತ್ತಿ ವಾರವೆಲ್ಲ ಸಮುದ್ರ ಸುತ್ತಿ ಬಂದರು. ತನಗೊಂದು ಮಾತು ಹೇಳಲಿಲ್ಲವೆಂದು ದೊಡ್ಡಕ್ಕ ತಂಗಿಯ ಜೊತೆ ಮಾತು ಬಿಟ್ಟಳು. ಅದು ಸಾಲದೆಂದು ಬೇರೆ ಕಂಪನಿಯ ಹಡಗಿನಲ್ಲಿ ತಾನೂ ಗಂಡನ ಜೊತೆ ಹೋಗಿಬಂದಳು. ಅಲ್ಲಿಂದ ಶುರುವಾಯಿತು. ನಮ್ಮ ಹಡಗಿನಲ್ಲಿ ಊಟಕ್ಕೆ ಸಾಲು ನಿಲ್ಲಬೇಕಿರಲಿಲ್ಲ ಎಂದು ಅವಳಿಗೆ ಹೇಳು, ನಮ್ಮಲ್ಲಿ ಬಡಿಸುವವನು ಎರಡನೇ ದಿನಕ್ಕೇ ಹೆಸರು ಹಿಡಿದು ಕರೆಯುತ್ತಿದ್ದ ಎಂದು ಇವಳಿಗೆ ಹೇಳು. ಒಂದರ ಈಜುಕೊಳ, ಇನ್ನೊಂದರ ಲಿಫ್ಟು, ಒಂದರ ಹಾಸಿಗೆ, ಇನ್ನೊಂದರ ಹಾಡುಗಾರ, ಎಲ್ಲವೂ ತಮ್ಮನ ಬಾಯಿಯ ಮೂಲಕವೇ ಓಡಾಡಿದವು.

ಮುಂದಿನ ತಿಂಗಳು ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಏನು ಬೇಕು ಎಂದು ಮಕ್ಕಳು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ನಿಮ್ಮಿಬ್ಬರ ನಡುವೆ ಕೂತು ಒಂದ್ಸಲ ಸಮುದ್ರ ನೋಡ್ಬೇಕು." ಅದಕ್ಕೆಂದೇ ಇವತ್ತು ಸಂಜೆ ಎಲ್ಲರೂ ಅವಳ ಮುಂದೆ ಸೇರಿ, ಎರಡೂ ಆಲ್ಬಮ್ ನೋಡಿ, ಯಾವ ಹಡಗಿನ ಉಪಚಾರ ಮೇಲು ಎಂದು ತೂಗಿ, ಒಂದನ್ನು ಆರಿಸಿ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು.

ತಪ್ಪು ಹೇಗಾಯಿತೆಂದು ಹುಡುಕಲು ಕಷ್ಟವಿರಲಿಲ್ಲ. ಮುಖವಿರುವ ಫೋಟೋಗಳನ್ನು ಕಂಪ್ಯೂಟರೇ ಗುರುತು ಹಿಡಿದು ಬೇರೆ ಮಾಡುತ್ತದೆ. ಯಾರೂ ಇಲ್ಲದ ಊಟದ ಹಾಲ್, ಖಾಲಿ ಕೋಣೆ, ಮೆಟ್ಟಿಲು, ಕುರ್ಚಿ ಇವೆಲ್ಲ ಮುಖವಿಲ್ಲದವೆಂದು ಒಂದು ಬದಿಗೆ ಬೀಳುತ್ತವೆ. ಅವನ್ನು ಎರಡು ರಾಶಿ ಮಾಡಿದವನು ತಮ್ಮ. ಕಪ್ಪು ಹಾಳೆಗೆ ಅಂಟಿಸುವಾಗ ಆ ರಾಶಿಗಳನ್ನು ಅದಲುಬದಲು ಮಾಡಿದವನೂ ತಮ್ಮನೇ. ಈಗ ದೊಡ್ಡಕ್ಕನ ಆಲ್ಬಮ್ಮಿನಲ್ಲಿ ಮುಖ ಅವಳದು, ಹಡಗು ತಂಗಿಯದು. ಚಿಕ್ಕಕ್ಕನದರಲ್ಲಿ ಮುಖ ಅವಳದು, ಹಡಗು ಅಕ್ಕನದು. ಇಬ್ಬರಲ್ಲಿ ಒಬ್ಬರಿಗೆ ಗೊತ್ತಾದರೂ ಜಗಳ ಹೊಸದಾಗಿ ಎದ್ದು, ಅಮ್ಮನ ಸಮುದ್ರ ಅಲ್ಲಿಗೇ ಬತ್ತಿಹೋಗುತ್ತದೆ.

ಸಂಜೆಯೊಳಗೆ ಎರಡೂ ಆಲ್ಬಮ್ ವಾಪಸು ತಂದು ಸರಿಮಾಡಬೇಕು. ಸ್ಟುಡಿಯೋ ಬಾಗಿಲು ಎಳೆದುಕೊಂಡು ತಮ್ಮ ಹೊರಟ.

ದೊಡ್ಡ ಭಾವ ಕಣ್ಣಿನ ಡಾಕ್ಟರು. ಆಲ್ಬಮ್ ಮನೆಯಲ್ಲಿರಲಿಲ್ಲ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ರೋಗಿಗಳ ಕೈಯಿಂದ ಕೈಗೆ ಹೋಗುತ್ತಿತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹಿರಿಯರೊಬ್ಬರು, ಒಂದೇ ಕಣ್ಣಿಗೆ ಇಷ್ಟು ಚೆಂದ ಕಾಣುವ ಹಡಗು ಎರಡೂ ಬಿಟ್ಟರೆ ಹೇಗೋ ಎಂದು ತಲೆದೂಗುತ್ತಿದ್ದರು. ಡಾಕ್ಟರು ಪಕ್ಕದಲ್ಲಿ ನಿಂತು, ತಮ್ಮ ಹಡಗಿನ ಕೋಣೆಯವನು ಟವೆಲ್ಲಿನಲ್ಲಿ ಆನೆ ಮಾಡುತ್ತಿದ್ದ ಕ್ರಮವನ್ನು ಕೈ ಆಡಿಸಿ ವಿವರಿಸುತ್ತಿದ್ದರು. ಕಂಡೇ ಇರದ ಆನೆಗೆ ಅವರು ಕಿವಿ ಹಿಡಿದು ಮಡಿಸುವುದನ್ನೂ ತೋರಿಸಿದರು.

"ಭಾವ, ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ಕೊಡಿ, ಸರಿ ಮಾಡ್ಕೊಂಡು ಬರ್ತೀನಿ."

ದೊಡ್ಡ ಭಾವ ಫೋಟೋ ನೋಡಲಿಲ್ಲ, ತಮ್ಮನ ಕಣ್ಣು ನೋಡಿದರು. "ಬಣ್ಣ ಸರಿಯಾಗೇ ಇದೆಯಲ್ಲೋ. ನಿನಗೆ ಯಾವಾಗಿಂದ ಹೀಗೆ ಕಾಣ್ತಿದೆ?"

"ನನಗೇನಿಲ್ಲ ಭಾವ."

"ಎಲ್ರೂ ಹಾಗೇ ಅಂತಾರೆ. ಕೂತ್ಕೋ."

ಬೇಡ ಎನ್ನುವುದಕ್ಕೆ ಅವನು ಮಾತು ಹುಡುಕುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಬಾಗಿತ್ತು, ಎರಡೂ ಕಣ್ಣಿಗೆ ಪಾಪೆ ಅಗಲ ಮಾಡುವ ಹನಿ ಬಿದ್ದಿತ್ತು. ಕಣ್ಣುಮುಚ್ಚಿ ಕೂತು, ಕೊನೆಗೆ ಪರೀಕ್ಷೆ ಮುಗಿದಾಗ ಕಣ್ಣಿನಲ್ಲಿ ಏನೂ ದೋಷವಿಲ್ಲವೆಂದು ತಿಳಿಯಿತು. ಆದರೆ ಹನಿಯ ಪ್ರತಾಪದಿಂದ ಲೋಕವೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಸಂಜೆಯವರೆಗೂ ಹತ್ತಿರದ್ದೇನೂ ಸರಿಯಾಗಿ ಕಾಣುವುದಿಲ್ಲ, ಗಾಬರಿ ಬೇಡ ಎಂದು ಭಾವ ಬೆನ್ನು ತಟ್ಟಿದರು. ಆಲ್ಬಮ್ ಕೊಡಲಿಲ್ಲ. ಕಣ್ಣು ಕಾಣದವನು ಅದನ್ನು ಎಲ್ಲಾದರೂ ಬೀಳಿಸಿಯಾನು ಎಂದರು.

ಒಂದಾದರೂ ಕೈಗೆ ಸಿಗಲಿ ಎಂದು ತಮ್ಮ ಗೋಡೆ ಸವರಿಕೊಂಡು ಚಿಕ್ಕ ಭಾವನ ಪೀಠೋಪಕರಣದ ಅಂಗಡಿ ತಲುಪಿದ. ಒಳಗೆ ಎರಡು ಸೋಫಾಗಳಿಗೆ ಮೊಣಕಾಲು ಬಡಿಸಿಕೊಂಡು, ನಿಲುವುಗನ್ನಡಿಯಲ್ಲಿ ಕಂಡ ಯಾರನ್ನೋ ದಾರಿ ಬಿಡಿ ಎಂದು ಕೇಳಿಕೊಂಡು, ಚಿಕ್ಕಕ್ಕ ಕೂತಿದ್ದ ಗಲ್ಲಾದ ಹತ್ತಿರ ಬಂದ. ಹಂಸವನ್ನು ದೊಡ್ಡದು ಮಾಡಬೇಕಲ್ಲ, ಅದನ್ನು ಬಿಡಿಸಿಕೊಳ್ಳುತ್ತೇನೆ, ಆಲ್ಬಮ್ ಕೊಡು ಎಂದ. ಐದು ನಿಮಿಷಕ್ಕೆ ಮಾತ್ರ ಎಂದು ಅವಳು ಕೊಟ್ಟಳು.

ಕಪಾಟುಗಳ ಹಿಂದೆ ಕೂತು ಹಾಳೆ ತಿರುವಿದ. ಎಲ್ಲವನ್ನೂ ಬದಲಾಯಿಸಲು ಆಗದಿದ್ದರೂ ಹಂಸವೊಂದನ್ನು ತೆಗೆದುಬಿಟ್ಟರೆ ದೊಡ್ಡಕ್ಕನಿಗೆ ಸುಳಿವು ಸಿಗುವುದಿಲ್ಲ ಎಂದು ಲೆಕ್ಕ ಹಾಕಿದ. ಒಂದು ಪುಟದ ನಡುವೆ ಬೆಳ್ಳಗೆ, ನೀಳವಾಗಿ ಏನೋ ಕಂಡಿತು. ಉಗುರಿನಿಂದ ಮೂಲೆ ಎಬ್ಬಿಸಿ, ಉಸಿರು ಬಿಗಿಹಿಡಿದು ಬಿಡಿಸಿ, ಜೇಬಿಗೆ ಸೇರಿಸಿದ. ಚಿಕ್ಕಕ್ಕ ಬಂದು ಆಲ್ಬಮ್ ಕಿತ್ತುಕೊಂಡು, ಸಂಜೆಯವರೆಗೆ ಇನ್ನು ಯಾರೂ ಮುಟ್ಟಕೂಡದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಸಂಜೆ ಸೋಫಾದ ನಡುವೆ ಅಮ್ಮ, ಎರಡು ತುದಿಯಲ್ಲಿ ಎರಡು ದಡಗಳ ಹಾಗೆ ಅಕ್ಕಂದಿರು ಕೂತರು. ಷಡ್ಡಕರಿಬ್ಬರೂ ಎದುರಿನ ಕುರ್ಚಿಗಳಲ್ಲಿ ಅವರವರ ಹೆಂಡತಿಯ ಕಡೆ ಕಾವಲು ಕೂತರು. ತಮ್ಮ ಬಾಗಿಲಿಗೆ ಒರಗಿ ನಿಂತ.

"ತಮ್ಮಾ, ಮೊದಲು ನಮ್ಮದು ನೋಡು ಅಂತ ಅವಳಿಗೆ ಹೇಳು" ಎಂದಳು ದೊಡ್ಡಕ್ಕ.

"ನಿಮ್ಮದನ್ನ ನೀವು ನೋಡಿದ್ದು ಸಾಕು" ಎಂದಳು ಅಮ್ಮ. "ಬದಲಾಯಿಸ್ಕೊಂಡು ನೋಡಿ."

ಆಲ್ಬಮ್ಮುಗಳು ಕೈ ಬದಲಾದವು. ಈಗ ಒಬ್ಬೊಬ್ಬರ ತೊಡೆಯ ಮೇಲೂ ಅವರವರ ಹಡಗೇ ಇತ್ತು. ಯಾರಾದರೂ ಒಬ್ಬರು, ಅಯ್ಯೋ ಇದು ನಮ್ಮದು ಎಂದರೆ ಮುಗಿಯಿತು.

ಹಾಳೆಗಳು ಮಗುಚಿದವು.

"ಎಷ್ಟು ದೊಡ್ಡ ಕಿಟಕಿ" ಎಂದಳು ದೊಡ್ಡಕ್ಕ, ತನಗೆ ತಾನೇ ಎಂಬಂತೆ. "ಮಲಗಿದ್ದಲ್ಲಿಂದಲೇ ಸಮುದ್ರ." ಬೆಳಕಿಗೆ ನಿದ್ದೆ ಬರುವುದಿಲ್ಲವೆಂದು ಅದೇ ಕಿಟಕಿಗೆ ವಾರವಿಡೀ ಪರದೆ ಎಳೆದು ಮಲಗಿದ್ದವಳು ಅವಳೇ. ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಡಾಕ್ಟರು ಹಂಸದ ಮುಂದೆ ಸೋತುಹೋದರು. ತಮ್ಮ ಕೋಣೆಯವನಿಗೆ ಬರೀ ಆನೆ ಬರುತ್ತಿತ್ತು, ಹಂಸಕ್ಕೆ ಕೈಚಳಕ ಬೇಕು ಎಂದು ಒಪ್ಪಿಕೊಂಡರು. ಚಿಕ್ಕ ಭಾವ ಇನ್ನೊಂದು ಆಲ್ಬಮ್ಮಿನ ಕುರ್ಚಿಯೊಂದರ ಮೇಲೆ ಬೆರಳಿಟ್ಟು, "ಡಾಕ್ಟ್ರೇ, ಇದು ಗಟ್ಟಿ ತೇಗ. ನಮ್ಮ ಹಡಗಲ್ಲೂ ಕುರ್ಚಿ ಅಂತ ಒಂದಿತ್ತು, ಕೂತ್ರೆ ಕಿರ್ ಅಂತಿತ್ತು" ಎಂದರು. ಆ ಗಟ್ಟಿ ತೇಗದ ಮೇಲೆಯೇ ದಿನಾ ಬೆಳಗಾಗುವ ಮೊದಲು ಟವೆಲ್ ಹಾಸಿ ಜಾಗ ಹಿಡಿದು, ಅದಕ್ಕಾಗಿ ಇನ್ನೊಬ್ಬ ಪ್ರಯಾಣಿಕನ ಜೊತೆ ಜಗಳವಾಡಿದ್ದನ್ನು ಅವರೇ ತಮ್ಮನಿಗೆ ಹೇಳಿದ್ದರು.

ತಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ. ಇದ್ದು, ಉಂಡು, ಮಲಗೆದ್ದು ಬಂದ ಜಾಗ ಬೇರೆಯವರ ಕೈಗೆ ಹೋದ ಕೂಡಲೇ ಇಷ್ಟು ಚೆಂದವಾಗುವುದಾದರೆ, ಇವರು ಹಡಗಿನಲ್ಲಿದ್ದಾಗ ನೋಡುತ್ತಿದ್ದುದೇನು?

ದೊಡ್ಡಕ್ಕ ಒಂದು ಪುಟದ ಮೇಲೆ ನಿಂತಳು. ಹೊಳೆಯುವ ಸ್ಟೀಲಿನ ಟೀ ಕೆಟಲು. ಅದರ ಹೊಟ್ಟೆಯ ಮೇಲೆ, ಕಂಪ್ಯೂಟರು ಕೂಡ ಹಿಡಿಯಲಾಗದಷ್ಟು ಸಣ್ಣದಾಗಿ, ಫೋಟೋ ತೆಗೆಯುತ್ತಿದ್ದ ಹೆಂಗಸಿನ ಸೊಟ್ಟ ಮುಖ. ಅವಳು ತಂಗಿಯ ಕಡೆ ತಿರುಗಿದಳು. ತಮ್ಮನಿಗೆ ಹೇಳು ಎನ್ನಲಿಲ್ಲ.

"ನೋಡೇ, ಕೆಟಲಿನಲ್ಲಿ ನೀನು ಕಾಣಿಸ್ತೀಯ. ಎಷ್ಟು ಸೋತುಹೋಗಿದ್ದೀಯಲ್ಲೇ."

ಚಿಕ್ಕಕ್ಕ ಬಗ್ಗಿ ನೋಡಿದಳು. ಅಕ್ಕತಂಗಿಯರ ಮೂಗು ಒಂದೇ, ಹಣೆಯೂ ಒಂದೇ. "ಹೌದು, ನಾನೇ" ಎಂದಳು. ಆಮೇಲೆ, "ಯಾರ ಜೊತೆ ಕೂತು ಟೀ ಕುಡೀಲಿ? ನಿನಗೆ ಹೇಳದೇ ಹೋಗಿದ್ನಲ್ಲ" ಎಂದಳು.

ದೊಡ್ಡಕ್ಕನ ಕಣ್ಣು ತುಂಬಿತು. ಅದು ಅವಳದೇ ಮುಖ, ಅವಳದೇ ಕೆಟಲು. ತಮ್ಮನ ಮಂಜುಗಣ್ಣಿಗೆ ಅದು ಕಾಣುತ್ತಿರಲಿಲ್ಲ, ಆದರೆ ಅಂಟಿಸಿದವನು ಅವನು. ಅಮ್ಮ ಇಬ್ಬರ ಕೈಗಳನ್ನೂ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ವರ್ಷದ ಮೇಲೆ ಮನೆಗೆ ಉಸಿರು ಬಂದಂತಾಯಿತು.

"ನಿಮ್ಮ ಹಡಗಲ್ಲೇ ಹೋಗೋಣ, ಅದೇ ಚೆನ್ನಾಗಿದೆ" ಎಂದಳು ದೊಡ್ಡಕ್ಕ.

"ಬೇಡ, ನಿಮ್ಮದರಲ್ಲೇ" ಎಂದಳು ಚಿಕ್ಕಕ್ಕ.

ದೊಡ್ಡತನ ತೋರಿಸುವುದರಲ್ಲಿ ಷಡ್ಡಕರು ಹಿಂದೆ ಬೀಳುವವರಲ್ಲ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಂತೆ ಒಬ್ಬರು ಫೋನು ಹಿಡಿದು ಬಾಲ್ಕನಿಗೆ ಹೋದರು, ಇನ್ನೊಬ್ಬರು ಅಡುಗೆಮನೆಗೆ ಹೋದರು. ಇಬ್ಬರೂ ಒಟ್ಟಿಗೇ ಹೊರಬಂದು ಒಟ್ಟಿಗೇ ಘೋಷಿಸಿದರು. ದೊಡ್ಡ ಭಾವ ಚಿಕ್ಕ ಭಾವನ ಹಡಗಿನಲ್ಲಿ ಎಲ್ಲರಿಗೂ ಟಿಕೆಟ್ ಕಾದಿರಿಸಿದ್ದರು. ಚಿಕ್ಕ ಭಾವ ದೊಡ್ಡ ಭಾವನ ಹಡಗಿನಲ್ಲಿ ಎಲ್ಲರಿಗೂ ಕಾದಿರಿಸಿದ್ದರು. ಅಮ್ಮನಿಗೆ ಎಪ್ಪತ್ತು ತುಂಬುವ ಅದೇ ವಾರ. ಎರಡು ಕಂಪನಿಗಳೂ ಕೊಟ್ಟ ಹಣ ವಾಪಸು ಮಾಡುವುದಿಲ್ಲ, ದಿನ ಬದಲಾಯಿಸುವುದಿಲ್ಲ. ಈ ಒಂದು ವಿಷಯದಲ್ಲಿ ಎರಡರ ಉಪಚಾರವೂ ಸಮಸಮ.

ನಿಮ್ಮ ಟಿಕೆಟ್ ನೀವು ಬಿಡಿ ಎಂದು ಇವರು, ನೀವೇ ಬಿಡಿ ಎಂದು ಅವರು. ಒಳ್ಳೆಯ ಹಡಗನ್ನು ನೀವು ಒಮ್ಮೆ ಅನುಭವಿಸಿದಿರಿ, ಈಗ ನಮಗೆ ಬೇಡವೇ ಎಂದು ಇಬ್ಬರೂ. ದನಿ ಏರಿತು. ಆಗ ಚಿಕ್ಕ ಭಾವ ತಮ್ಮದೇ ಆಲ್ಬಮ್ ಎತ್ತಿಕೊಂಡು, ನಡುವೆ ಒಂದು ಖಾಲಿ ಜಾಗ ನೋಡಿ, ಕ್ಯಾಪ್ಟನ್ ಕೈಕುಲುಕಿದ ಫೋಟೋ ಎಲ್ಲಿ ಎಂದು ಕೇಳಿದರು. ತಮ್ಮ ತನ್ನ ಜೇಬಿಗೆ ಕೈ ಹಾಕಿ ತೆಗೆದ. ಮಂಜಿನ ನಡುವೆ ಬೆಳ್ಳಗೆ ನೀಳವಾಗಿ ನಿಂತಿದ್ದದ್ದು ಹಂಸವಲ್ಲ, ಕ್ಯಾಪ್ಟನ್ನನ ಬಿಳಿ ಸಮವಸ್ತ್ರ.

"ಅಕ್ಕನ ಆಲ್ಬಮ್ಮಿನಲ್ಲಿ ಕ್ಯಾಪ್ಟನ್ ಇಲ್ಲ ಅಂತ ನಮ್ಮದನ್ನ ಕಿತ್ತಿದ್ದೀಯ" ಎಂದಳು ಚಿಕ್ಕಕ್ಕ. "ಅವರ ಹಡಗನ್ನ ಹೊಳೆಯೋ ಹಾಗೆ ಮಾಡಿ, ನಮ್ಮದನ್ನ ಮಂಕು ಮಾಡಿದ್ದೀಯ."

"ಮಂಕು ಮಾಡಿದ್ದು ನಮ್ಮದನ್ನ" ಎಂದಳು ದೊಡ್ಡಕ್ಕ. "ಮುಂಚಿನಿಂದಲೂ ಇವನಿಗೆ ನೀನಂದ್ರೆ ಒಂದು ಕೈ ಹೆಚ್ಚು. ಕೇಳು ಅವನನ್ನ."

"ನಾನ್ಯಾಕೆ ಮಾತಾಡಿಸ್ಲಿ? ನೀನೇ ಕೇಳು."

ಕೊನೆಗೆ ಯಾರೂ ಕೇಳಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತಲೇ ಒಟ್ಟಿಗೆ ಮೆಟ್ಟಿಲಿಳಿದು, ಅವರವರ ಮನೆಗೆ ಹೋದರು. ಹಾಗೆ ನೋಡಿದರೆ ಅಕ್ಕತಂಗಿಯರ ನಡುವೆ ಮಾತು ಶುರುವಾಯಿತು. ನಿಂತದ್ದು ತಮ್ಮನ ಜೊತೆ. ಅವರು ಅವರವರ ಟಿಕೆಟ್ಟಿನಲ್ಲಿ ಹೋಗುವುದೆಂದಾಯಿತು, ದೊಡ್ಡಕ್ಕ ತಂಗಿಯ ಹಡಗಿಗೆ, ಚಿಕ್ಕಕ್ಕ ಅಕ್ಕನ ಹಡಗಿಗೆ. ಯಾರ ಜೊತೆ ಹೋದರೂ ಇನ್ನೊಬ್ಬಳಿಗೆ ನೋವು ಎಂದು ಅಮ್ಮ ಎಲ್ಲಿಗೂ ಹೊರಡಲಿಲ್ಲ.

ಅವರು ಹೋದ ಮೇಲೆ ಅವಳು ಖಾಲಿ ಸೋಫಾದ ನಡುವೆ ಹಾಗೇ ಕೂತಿದ್ದಳು.

"ನೀನಾದ್ರೂ ನಿಜ ಹೇಳು ಮಗಾ. ಯಾವುದು ಚೆನ್ನಾಗಿತ್ತು?"

ಎಲ್ಲವನ್ನೂ ಹೇಳಿಬಿಡಬಹುದಿತ್ತು. ಹೇಳಿದರೆ ಸ್ವಲ್ಪ ಹೊತ್ತಿಗೆ ಮುಂಚೆ ದೊಡ್ಡಕ್ಕ ಕೆಟಲಿನ ಮುಖ ನೋಡಿ ಮರುಗಿದ್ದು ತಂಗಿಗಾಗಿ ಅಲ್ಲ ಎಂದಾಗುತ್ತಿತ್ತು. ಇಡೀ ದಿನದಲ್ಲಿ ಅದೊಂದಾದರೂ ಉಳಿಯಲಿ ಅನ್ನಿಸಿತು.

"ಎರಡೂ ಚೆನ್ನಾಗೇ ಇದ್ವಮ್ಮ" ಎಂದ.

ಅಕ್ಕಂದಿರು ಆಸೆಪಟ್ಟದ್ದು ತಾವೇ ಇದ್ದು ಬಂದ ಹಡಗುಗಳ ಮೇಲೆ ಎಂದು ಅವನು ಅಮ್ಮನಿಗಾಗಲಿ, ಅವರಿಬ್ಬರಿಗಾಗಲಿ ಯಾವತ್ತೂ ಹೇಳಲಿಲ್ಲ.