ಷಡ್ಡಕನಿಗಿಂತ ಒಂದಡಿ ಅಗಲ

ಈ ಕತೆಯನ್ನು ಮೊದಲು ಹೇಳಿದವನು ಬೆಸುಗೆ ಅಂಗಡಿಯ ಯಜಮಾನ. ಹೇಳಿದ್ದು ಹೋದ ವರ್ಷ ಹುಲ್ಲು ಕೊಯ್ಲು ಮುಗಿದ ಮೇಲಿನ ಒಂದು ಸಂಜೆ, ತನ್ನ ಅಂಗಡಿಯ ಮುಂದಿನ ಉದ್ದನೆಯ ಬೆಂಚಿನ ಮೇಲೆ ಕುಳಿತು. ಕೇಳಲು ಏಳೆಂಟು ಜನರಿದ್ದರು. ಕತೆಯಲ್ಲಿ ಬರುವ ಯಂತ್ರದ ಸೊಟ್ಟ ತೆಗೆದವನು ತಾನೇ ಆದ್ದರಿಂದ ತನ್ನ ಮಾತೇ ಪ್ರಮಾಣವೆಂದು ಅವನು ಆರಂಭದಲ್ಲಿಯೇ ಸಾರಿದ. ಯಂತ್ರದ ಅಗಲ ಏಳಡಿಯೆಂದು ಹೇಳುವವರೂ ಆ ಸೀಮೆಯಲ್ಲಿದ್ದಾರೆ. ಬೆಸುಗೆಯವನು ಆರಡಿ ಎಂದ. ಅಳತೆಪಟ್ಟಿ ಹಿಡಿದಿದ್ದವನ ಮಾತನ್ನೇ ಇಲ್ಲಿ ಉಳಿಸಿಕೊಳ್ಳಲಾಗಿದೆ.

ತೊಂದರೆಗೆ ಮೂಲವಾದದ್ದು ಬೇಲಿಯಾಚೆಯಿಂದ ಬಂದ ಒಂದು ಸದ್ದು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರು ಷಡ್ಡಕರ ಹೊಲಗಳು ಅಕ್ಕಪಕ್ಕದಲ್ಲಿದ್ದವು; ನಡುವೆ ಒಂದು ಮುಳ್ಳುಬೇಲಿ. ಅಂದು ಬೆಳಗ್ಗೆ ಕಿರಿಯಳಿಯ ಹಲ್ಲುಜ್ಜುತ್ತ ಅಂಗಳಕ್ಕೆ ಬಂದಾಗ, ಆಚೆ ಬದಿಯಲ್ಲಿ ಹಿರಿಯಳಿಯನ ಹೊಸ ಟ್ರ್ಯಾಕ್ಟರು ಹೊಸ ರೋಟರಿ ಮೋವರೊಂದನ್ನು ಬೆನ್ನಿಗೆ ಕಟ್ಟಿಕೊಂಡು ಹುಲ್ಲು ಕೊಯ್ಯುತ್ತಿತ್ತು. ನೆಲಕ್ಕೆ ಸಮನಾಗಿ ಗಿರ್ರನೆ ತಿರುಗುವ ಅಲಗುಗಳ ಆ ಸದ್ದು ಊರಿಗೆಲ್ಲ ದುಂಬಿಯ ಹಾಡಿನಂತೆ ಕೇಳಿಸಿದರೆ, ಕಿರಿಯಳಿಯನಿಗೆ ಮಾತ್ರ ಯಾರೋ ತನ್ನನ್ನು ಕರೆಕರೆದು ಅಣಕಿಸಿದಂತೆ ಕೇಳಿಸಿತು.

"ರೀ, ಭಾವನ ಹೊಲ ನೋಡಿದ್ರಾ? ಕಂಬಳಿ ಹಾಸಿದ ಹಾಗಿದೆ" ಎಂದಳು ಹೆಂಡತಿ.

"ಹಾಸ್ಕೊಂಡು ಮಲಗ್ಲಿ ಬಿಡು."

"ಸಂಜೆ ಅಪ್ಪ ಬರ್ತಾರೆ. ನೆನಪಿದೆ ತಾನೆ?"

ನೆನಪಿಲ್ಲದೆ ಏನು! ಆ ನೆನಪಿಗೇ ಅವನಿಗೆ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಹೊಳೆಯಂಚಿನಲ್ಲಿ ಮಾವನದೊಂದು ಹುಲ್ಲುಗಾವಲಿತ್ತು. ದನವಿದ್ದವರೆಲ್ಲ ಅದರ ದಾರಿಯಲ್ಲಿ ಹೋಗುವಾಗ ಒಮ್ಮೆ ನಿಂತು ನಿಟ್ಟುಸಿರಿಟ್ಟು ಹೋಗುತ್ತಿದ್ದರು. ಮಂಡಿನೋವು ಹಿಡಿದ ಮಾವ ಅದನ್ನು ಇಬ್ಬರಲ್ಲಿ ಒಬ್ಬ ಅಳಿಯನಿಗೆ ಒಪ್ಪಿಸಲು ನಿರ್ಧರಿಸಿ, ನ್ಯಾಯ ತೀರ್ಮಾನಕ್ಕೆ ತನ್ನದೇ ಒಂದು ಕ್ರಮ ಹೇಳಿದ್ದ: "ನಾನು ಬಂದು ಇಬ್ಬರ ಹೊಲದಲ್ಲೂ ಬರಿಗಾಲಲ್ಲಿ ನಡೀತೀನಿ. ಕೊಯ್ದ ಹುಲ್ಲು ಯಾರ ಹೊಲದಲ್ಲಿ ಕಾಲಿಗೆ ಮೆತ್ತಗಿರುತ್ತೋ, ಹುಲ್ಲುಗಾವಲು ಅವನದ್ದು." ಕುಡುಗೋಲಿನ ಕಾಲದ ಮನುಷ್ಯ, ಕಣ್ಣಿಗಿಂತ ಅಂಗಾಲನ್ನು ಹೆಚ್ಚು ನಂಬುತ್ತಿದ್ದ.

ಕಿರಿಯಳಿಯ ಬಾಯಿ ಮುಕ್ಕಳಿಸಿದವನೇ ಯಂತ್ರದ ಅಂಗಡಿಗೆ ಓಡಿದ.

"ಹುಲ್ಲು ಕೊಯ್ಯೋ ಮೋವರ್ ಬೇಕು" ಎಂದ.

"ಆಗ್ಲಿ. ಗಾಡಿ ಅದೇ ಹಳೇದು ತಾನೆ? ಈಗ ಎಷ್ಟು ಎಚ್‌ಪಿ ಬರುತ್ತೆ?" ಎಂದು ಅಂಗಡಿಯವನು ಕೇಳಿದ.

"ಅದೆಲ್ಲ ಆಮೇಲೆ. ನಮ್ಮ ಷಡ್ಡಕ ಎಷ್ಟಡಿದು ತಗೊಂಡ?"

"ಐದಡಿದು. ಆದ್ರೆ ಅವರ ಗಾಡಿ..."

"ಹಂಗಾದ್ರೆ ನನಗೆ ಆರಡಿದು ಕೊಡಿ."

ಅಂಗಡಿಯವನು ಕನ್ನಡಕ ತೆಗೆದು ಒರೆಸಿಕೊಂಡ. "ನೋಡಿ ಸ್ವಾಮಿ, ಮೋವರ್ ಅನ್ನೋದು ಅಂಗಿ ಇದ್ದ ಹಾಗೆ. ಪಕ್ಕದ ಮನೆಯವರ ಮೈ ಅಳತೆ ಕೊಟ್ಟು ಹೊಲಿಸ್ಕೊಳ್ಳೋಕಾಗಲ್ಲ. ನಿಮ್ಮ ಮುದುಕಪ್ಪ ಹುಟ್ಟಿದಾಗ ಇಪ್ಪತ್ತೈದು ಎಚ್‌ಪಿ ಇದ್ದ. ಈಗ ಇಪ್ಪತ್ತು ಉಳಿದಿದ್ರೆ ಪುಣ್ಯ. ಅಡಿಗೆ ಐದು ಎಚ್‌ಪಿ ಅಂತ ಹಿಡಿದ್ರೂ ನಾಲ್ಕಡಿ ಆಯ್ತು. ನಾಲ್ಕಡಿದು ಹಾಕಿ, ನಿಧಾನಕ್ಕೆ ಓಡಿಸಿ, ರೇಷ್ಮೆ ಹಾಗೆ ಕೊಯ್ಯುತ್ತೆ."

ಮುದುಕಪ್ಪ ಎಂಬುದು ಕಿರಿಯಳಿಯನ ಟ್ರ್ಯಾಕ್ಟರಿಗೆ ಊರು ಇಟ್ಟ ಹೆಸರು. ಬೆಳಗ್ಗೆ ಎದ್ದೊಡನೆ ಕೆಮ್ಮುವುದು, ಕಫ ಉಗುಳಿದಂತೆ ಕರಿಹೊಗೆ ಉಗುಳುವುದು, ಏರು ಬಂದಲ್ಲಿ ನಿಂತು ಯೋಚಿಸುವುದು ಅದರ ಸ್ವಭಾವ.

"ನಾಲ್ಕಡಿ?" ಕಿರಿಯಳಿಯನ ದನಿ ಕೀರಲಾಯಿತು. "ಅವನದ್ದಕ್ಕಿಂತ ಒಂದಡಿ ಕಮ್ಮಿ ಕಟ್ಕೊಂಡು ಅವನ ಬೇಲಿ ಪಕ್ಕದಲ್ಲಿ ಓಡಾಡ್ಲಾ ನಾನು? ಆರಡಿ!"

ಸೋತ ಅಂಗಡಿಯವನು ಕಪಾಟಿನಿಂದ ಮುಷ್ಟಿಗಾತ್ರದ ಕಬ್ಬಿಣದ ಬಿಡಿಭಾಗವೊಂದನ್ನು ತಂದಿಟ್ಟ. "ಹೋಗ್ಲಿ, ಈ ಕಪ್ಲರ್ ಆದ್ರೂ ಹಾಕಿಸ್ಕೊಳ್ಳಿ. ನಿಮ್ಮದು ಹಳೇ ಕಾಲದ ಗಾಡಿ, ಚಕ್ರಕ್ಕೂ ಮೋವರಿಗೂ ಸೇರಿ ಒಂದೇ ಕ್ಲಚ್ಚು. ಕ್ಲಚ್ ಒತ್ತಿದ್ರೆ ಇಂಜಿನ್ ಏನೋ ಬಿಟ್ಕೊಳ್ಳುತ್ತೆ. ಆದ್ರೆ ಅಲಗು ಅದರ ಪಾಡಿಗೆ ತಿರುಗ್ತಾನೇ ಇರುತ್ತೆ. ಆ ಬಿರುಸು ವಾಪಸ್ ಚಕ್ರಕ್ಕೆ ಬಂದು ಗಾಡೀನ ಮುಂದಕ್ಕೆ ನೂಕುತ್ತೆ. ಇದು ಮಧ್ಯ ಇದ್ರೆ ನೂಕಲ್ಲ."

"ನಮ್ಮ ಷಡ್ಡಕ ತಗೊಂಡ್ನಾ ಇದನ್ನ?"

"ಅವರಿಗೆ ಬೇಕಾಗಿಲ್ಲ. ಹೊಸ ಗಾಡೀಲಿ ಮೋವರಿಗೆ ಬೇರೆ ಕ್ಲಚ್ ಇರುತ್ತೆ."

"ಅವನಿಗೆ ಬೇಡದ್ದು ನನಗೂ ಬೇಡ. ಅವನು ಊರುಗೋಲಿಲ್ದೆ ನಡೆದ, ಇವನು ಊರುಗೋಲು ಹಿಡ್ಕೊಂಡು ನಡೆದ ಅಂತ ನಾಳೆ ಜನ ಆಡ್ಕೊಳ್ಳಲಿ ಅಂತಲಾ?"

ಹೀಗೆ, ಬೇಕಾದುದನ್ನು ಬಿಟ್ಟು ಬೇಡದುದನ್ನು ಆರಿಸಿಕೊಂಡು ಕಿರಿಯಳಿಯ ಮನೆಗೆ ಬಂದ.

ಮೋವರನ್ನು ಇಳಿಸಿ ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಹೊತ್ತಿಗೆ ನೋಡುವವರ ಗುಂಪು ಸೇರಿತ್ತು. ಅದರಲ್ಲಿ ಇಬ್ಬರು ಮುಖ್ಯರು: ನಿವೃತ್ತ ಮೇಷ್ಟ್ರು ಮತ್ತು ಎದುರುಮನೆಯ ಕ್ಷೌರಿಕ. ಮೇಷ್ಟ್ರಿಗೆ ಎಲ್ಲ ಶಾಸ್ತ್ರವೂ ಗೊತ್ತಿತ್ತು. ಕ್ಷೌರಿಕನಿಗೆ, ಕತ್ತರಿಸುವ ಯಾವುದೇ ಕೆಲಸ ಜಗತ್ತಿನಲ್ಲಿ ನಡೆದರೂ ತನ್ನನ್ನೊಂದು ಮಾತು ಕೇಳಬೇಕೆಂಬ ಭಾವನೆಯಿತ್ತು.

ಕಿರಿಯಳಿಯ ಸೀಟಿಗೆ ಹತ್ತಿ ಮೋವರನ್ನು ಮೇಲೆತ್ತುವ ಸನ್ನೆಗೋಲನ್ನು ಎಳೆದ. ಮೋವರು ನೆಲ ಬಿಡಲಿಲ್ಲ. ಬದಲಿಗೆ ಮುದುಕಪ್ಪನ ಮೂತಿಯೇ ಮೆಲ್ಲಗೆ ಮೇಲೆದ್ದು, ಮುಂದಿನ ಎರಡೂ ಚಕ್ರಗಳು ಗಾಳಿಯಲ್ಲಿ ನಿಂತವು. ಎತ್ತಿಕೊಳ್ಳೆಂದು ಕೈಚಾಚಿದ ಮಗುವಿನಂತಿತ್ತು ಅದರ ಭಂಗಿ.

"ಹಿಂದೆ ಭಾರ ಜಾಸ್ತಿ ಆಯ್ತು. ತಕ್ಕಡಿ ತತ್ವ" ಎಂದರು ಮೇಷ್ಟ್ರು.

"ತತ್ವ ಇರ್ಲಿ ಮೇಷ್ಟ್ರೆ, ಮರಳಿನ ಮೂಟೆ ತರ್ಸಿ" ಎಂದ ಕ್ಷೌರಿಕ. "ತಲೆ ಎತ್ತೋ ಗಿರಾಕೀನ ಬಗ್ಗಿಸೋದು ನನಗೆ ಗೊತ್ತು."

ಮೂತಿಗೆ ಮೂಟೆಗಳನ್ನು ಬಿಗಿದದ್ದಾಯಿತು. ಚಕ್ರಗಳು ಒಲ್ಲದ ಮನಸ್ಸಿನಿಂದ ನೆಲ ಮುಟ್ಟಿದವು. ಅಷ್ಟರಲ್ಲಿ ಬೇಲಿಯ ಮೇಲೆ ಹಿರಿಯಳಿಯನ ತಲೆ ಕಾಣಿಸಿತು. ಅವನು ತನ್ನ ಹೊಲದ ಮೇಲ್ಭಾಗವನ್ನು ಕೊಯ್ದು ಮುಗಿಸಿ, ಕೆಳಭಾಗವನ್ನು ಊಟದ ನಂತರಕ್ಕೆಂದು ಉಳಿಸಿದ್ದ.

"ಏನಪ್ಪಾ, ಟ್ರ್ಯಾಕ್ಟರಿಗೆ ಅಂತ ಮೋವರ್ ತಂದ್ಯೋ, ಮೋವರಿಗೆ ಅಂತ ಟ್ರ್ಯಾಕ್ಟರ್ ಇಟ್ಕೊಂಡ್ಯೋ?"

"ನಿನ್ನದಕ್ಕಿಂತ ಒಂದಡಿ ಅಗಲ ಇದೆ ಅಣ್ಣಾ. ಬೇಕಾದ್ರೆ ಬಂದು ಅಳ್ಕೊಂಡು ಹೋಗು."

ಹಿರಿಯಳಿಯನ ನಗೆ ಕೂದಲೆಳೆಯಷ್ಟು ಕಿರಿದಾಯಿತು. ಅದನ್ನು ಕಂಡ ಕಿರಿಯಳಿಯನ ಹೊಟ್ಟೆ, ಬೆಳಗಿನಿಂದ ಏನೂ ತಿಂದಿರದಿದ್ದರೂ, ತುಂಬಿತು.

ಕೊಯ್ಲು ಆರಂಭವಾಯಿತು, ಆದರೆ ಅದನ್ನು ಕೊಯ್ಲು ಎನ್ನುವುದು ಕಷ್ಟ. ಆರಡಿ ಅಗಲದ ಹುಲ್ಲು ಒಟ್ಟಿಗೆ ಬಾಯಿಗೆ ಬಂದಾಗ ಮುದುಕಪ್ಪನಿಗೆ ಉಸಿರು ಕಟ್ಟಿತು. ಇಂಜಿನ್ ಕುಗ್ಗಿದಂತೆ ಅಲಗುಗಳು ಸೋಮಾರಿಯಾದವು. ಹುಲ್ಲು ಒಂದು ಕಡೆ ಹರಿಯಿತು, ಒಂದು ಕಡೆ ಬಾಗಿ ನಮಸ್ಕರಿಸಿ ಮತ್ತೆ ಎದ್ದಿತು. ಮತ್ತೊಂದು ಕಡೆ ಮಣ್ಣೇ ಸಿಪ್ಪೆಸಿಪ್ಪೆಯಾಗಿ ಎದ್ದು ಬಂತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಹೊಲ ಅರೆನಿದ್ದೆಯಲ್ಲಿ ಕ್ಷೌರ ಮಾಡಿಸಿಕೊಂಡ ತಲೆಯಂತಾಗಿತ್ತು.

"ನನ್ನ ಅಂಗಡೀಲಿ ಹೀಗೆ ಕತ್ತರಿಸಿದ್ರೆ ಕೇಸ್ ಹಾಕ್ತಾರೆ" ಎಂದ ಕ್ಷೌರಿಕ. "ಬ್ಲೇಡು ಜೋರು, ಕೈ ನಿಧಾನ. ಅದೇ ಗುಟ್ಟು."

ಬೇರೆ ದಾರಿ ಕಾಣದ ಕಿರಿಯಳಿಯ ಅದನ್ನೂ ಮಾಡಿ ನೋಡಿದ. ಗೇರನ್ನು ಅತಿ ಕೆಳಗಿನದಕ್ಕೆ ಇಳಿಸಿದ. ಇಂಜಿನ್ನಿನ ವೇಗ ಏರಿಸುವ ಕೈಥ್ರಾಟಲನ್ನು ತುದಿಮುಟ್ಟ ಎಳೆದ. ಮಣ್ಣು ಕೆರೆಯದಿರಲೆಂದು ಮೋವರನ್ನು ಒಂದು ಗೇಣು ಮೇಲೆತ್ತಿದ. ಆಶ್ಚರ್ಯ! ಟ್ರ್ಯಾಕ್ಟರು ಆಮೆಯಂತೆ ತೆವಳಿತು, ಅಲಗು ಬಿರುಗಾಳಿಯಂತೆ ತಿರುಗಿತು, ಹಿಂದೆ ಬಿದ್ದ ಪಟ್ಟಿ ಬೆಣ್ಣೆಯಂತೆ ನುಣುಪಾಗಿತ್ತು. ಕಿರಿಯಳಿಯ ಕತ್ತು ತಿರುಗಿಸಿ ಅದನ್ನೇ ನೋಡುತ್ತ ಮೈಮರೆತ. ಮುಂದೆ ನೋಡಿದಾಗ ಬೇಲಿ ಎದುರಿಗೇ ಇತ್ತು.

ಅವನು ಕ್ಲಚ್ ಒತ್ತಿದ. ಮುದುಕಪ್ಪ ನಿಲ್ಲಲಿಲ್ಲ, ತಿರುಗುವ ಅಲಗುಗಳ ಬಿರುಸು ಅದನ್ನು ಹಿಂದಿನಿಂದ ನೂಕುತ್ತಿತ್ತು. ಕ್ಲಚ್ಚೇ ಹೋಯಿತೆಂದು ತಿಳಿದು ಗಾಬರಿಯಲ್ಲಿ ಕಾಲು ತೆಗೆದ. ಈಗ ಇಂಜಿನ್ ಮತ್ತೆ ಹಿಡಿದುಕೊಂಡು ಎಳೆಯತೊಡಗಿತು. ಒತ್ತಿದರೂ ಹೋಗುತ್ತದೆ, ಬಿಟ್ಟರೂ ಹೋಗುತ್ತದೆ! ಸ್ಟಿಯರಿಂಗ್ ತಿರುಗಿಸಿದ. ಮರಳಿನ ಮೂಟೆಗಳಿದ್ದರೂ ಎತ್ತಿದ ಮೋವರಿನ ಭಾರಕ್ಕೆ ಮೂತಿ ಹಗುರಾಗಿ, ಮುಂದಿನ ಚಕ್ರಗಳು ಎಡಕ್ಕೆ ತಿರುಗಿದರೂ ಟ್ರ್ಯಾಕ್ಟರು ನೆಟ್ಟಗೇ ಹೋಯಿತು.

ಊರ ಜನ ಓಡುವ ಗಾಡಿಯನ್ನು ಕಂಡಿದ್ದರೇ ಹೊರತು, ಇಷ್ಟು ನಿಧಾನವಾಗಿ ಕೈಮೀರಿ ಹೋಗುವ ಗಾಡಿಯನ್ನು ಕಂಡಿರಲಿಲ್ಲ. ಸಲಹೆಗಾರರೆಲ್ಲ ಅದರ ಪಕ್ಕದಲ್ಲಿ ಆರಾಮವಾಗಿ ನಡೆಯುತ್ತ ಬಂದರು.

"ಬ್ರೇಕ್ ಒತ್ತಪ್ಪ!"

"ಒತ್ತಿದೀನಿ ಮೇಷ್ಟ್ರೆ, ಹಿಡೀತಾ ಇಲ್ಲ!"

"ಇಂಜಿನ್ ಆಫ್ ಮಾಡು!"

"ಆಫ್ ಮಾಡೋ ಗುಬುಟು ಕೈಗೇ ಬಂತು!" ಎಂದು ಕಿರಿಯಳಿಯ ಕಿತ್ತುಬಂದ ಗುಬುಟನ್ನು ಎತ್ತಿ ತೋರಿಸಿದ.

"ಹಾರಿಬಿಡು" ಎಂದ ಕ್ಷೌರಿಕ.

"ಹಾರಿದ್ರೆ ಅವನು ನಗ್ತಾನೆ!"

ಬೇಲಿ ಮುರಿಯಿತು. ಮುಳ್ಳಿನ ಗೂಟಗಳು ಒಂದೊಂದಾಗಿ ದಾರಿ ಬಿಟ್ಟವು. ಊಟ ಮುಗಿಸಿ ಮರದಡಿ ಕಣ್ಣುಮುಚ್ಚಿದ್ದ ಹಿರಿಯಳಿಯ ಕಣ್ಣು ಬಿಟ್ಟಾಗ, ತಾನು ಕೊಯ್ಯದೆ ಉಳಿಸಿದ್ದ ಕೆಳಹೊಲದ ನಟ್ಟನಡುವೆ ಷಡ್ಡಕ ಗಂಭೀರವಾಗಿ ಕುಳಿತು, ಹಿಂದೆ ಬೆಣ್ಣೆಯ ಪಟ್ಟಿ ಬಿಡುತ್ತ, ಮೆರವಣಿಗೆಯೊಂದಿಗೆ ಸಾಗಿಬರುತ್ತಿದ್ದ. ಹೊಲದ ತುದಿಯಲ್ಲಿದ್ದ ಹುಲ್ಲಿನ ಬಣವೆಗೆ ಮೂತಿ ತೂರಿಸಿದ ಮೇಲೆಯೇ ಮುದುಕಪ್ಪ ಒಮ್ಮೆ ಸೀನಿ ನಿಂತಿತು. ಮೋವರಿನ ಒಂದು ಮೂಲೆ ಸೊಟ್ಟಗಾಗಿತ್ತು.

"ಕಣ್ಣು ಕಾಣಲ್ವೇನೋ ನಿನಗೆ?" ಎಂದು ಹಿರಿಯಳಿಯ ಕೂಗುತ್ತ ಬಂದ. ಕಿರಿಯಳಿಯ ಸೀಟಿನಿಂದ ಇಳಿಯುವ ಮೊದಲೇ ಹಿಂದಿನಿಂದ ಮಾವನ ಕೆಮ್ಮು ಕೇಳಿಸಿತು.

ಹೇಳಿದ್ದಕ್ಕಿಂತ ಮೊದಲೇ ಬಂದಿದ್ದ ಮಾವ ಆಗಲೇ ಚಪ್ಪಲಿ ಕಳಚಿದ್ದ. ಕಿರಿಯಳಿಯನ ಹೊಲದಲ್ಲಿ ನಾಲ್ಕು ಹೆಜ್ಜೆಯಿಟ್ಟು "ಸ್ಸ್... ಅಯ್ಯೋ" ಎಂದು ಕಾಲೆತ್ತಿ ನಿಂತವನಿಗೆ ಬೇಲಿಯ ಬಳಿಯ ಪಟ್ಟಿ ಸಿಕ್ಕಿತ್ತು. ಅಲ್ಲಿಂದ ಅವನ ಮುಖ ಅರಳತೊಡಗಿ, ಮುರಿದ ಬೇಲಿಯನ್ನು ದಾಟಿ ಬಣವೆಯವರೆಗೂ ಅರಳುತ್ತಲೇ ಬಂತು.

"ಏನ್ ಮೆತ್ತಗಿದೆ! ಮಂಡಿನೋವೇ ಮರೆತುಹೋಯ್ತು. ಇದನ್ನ ಕೊಯ್ದಿದ್ದು ಯಾರು?"

"ನಾನು ಮಾವ!" ಎಂದು ಕಿರಿಯಳಿಯ ಸೀಟಿನಿಂದಲೇ ಕೂಗಿದ.

"ಅವನ ಗಾಡಿ ನುಗ್ತು ಮಾವ! ಅವನೆಲ್ಲಿ ಕೊಯ್ದ!" ಎಂದು ಹಿರಿಯಳಿಯ ಹಲ್ಲು ಕಡಿದ.

ಮಾವ ಕಿರಿಯಳಿಯನತ್ತ ತಿರುಗಿದ. "ನಿಜ ಹೇಳಪ್ಪ. ಗಾಡಿ ನುಗ್ತೋ, ನೀನೇ ಬೇಕಂತ ಕೊಯ್ದ್ಯೋ?"

ನುಗ್ಗಿತು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಷಡ್ಡಕ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಮುಂದೆ ತನ್ನ ಗಾಡಿ ತನ್ನ ಮಾತು ಕೇಳುವುದಿಲ್ಲವೆಂದು ಒಪ್ಪುವುದೆ? ಕಿರಿಯಳಿಯ ಕೈಯಲ್ಲಿದ್ದ ಗುಬುಟನ್ನು ಜೇಬಿಗಿಳಿಸಿ, ಎದೆಯುಬ್ಬಿಸಿದ.

"ಬೇಕಂತಲೇ ಮಾವ. ನನ್ನ ಗಾಡಿ ನಾನು ಹೇಳಿದ್ ಕಡೆ ಹೋಗುತ್ತೆ, ಹೇಳಿದ್ ಕಡೆ ನಿಲ್ಲುತ್ತೆ. ಬೇಕಾದ್ರೆ ಮೇಷ್ಟ್ರನ್ನ ಕೇಳಿ."

ಮೇಷ್ಟ್ರು ಆಕಾಶದಲ್ಲಿ ಯಾವುದೋ ಹಕ್ಕಿಯನ್ನು ಗುರುತಿಸುವುದರಲ್ಲಿ ತೊಡಗಿದರು.

ಮಾವನ ಕಣ್ಣು ಒದ್ದೆಯಾಯಿತು. "ನೀವಿಬ್ಬರೂ ಒಬ್ಬರನ್ನ ಕಂಡ್ರೆ ಒಬ್ಬರು ಕುದೀತೀರಿ ಅಂತ ಊರೆಲ್ಲ ಹೇಳ್ತಿತ್ತು. ನಾನೂ ನಂಬಿದ್ದೆ. ಸ್ವಂತ ಹೊಲ ಹಾಳಾದ್ರೆ ಆಗ್ಲಿ ಅಂತ ಬಿಟ್ಟು, ನಡುವಿನ ಬೇಲೀನೂ ಕಿತ್ತುಹಾಕಿ, ಷಡ್ಡಕನ ಹೊಲಾನ ಇಷ್ಟು ಪ್ರೀತಿಯಿಂದ ಕೊಯ್ದಿದೀಯಲ್ಲಪ್ಪ!"

ಕಿರಿಯಳಿಯನ ಎದೆ ಇನ್ನಷ್ಟು ಉಬ್ಬಿತು. ಹೊಳೆಯಂಚಿನ ಹಸಿರು ಅವನ ಕಣ್ಣಮುಂದೆ ತೂಗಾಡಿತು.

"ಆದ್ರೆ ಮಾತು ಮಾತೇ" ಎಂದು ಮಾವ ಮುಂದುವರಿಸಿದ. "ಯಾರ ಹೊಲ ಮೆತ್ತಗಿರುತ್ತೋ ಅವನಿಗೆ ಅಂದಿದ್ದೆ. ಮೆತ್ತಗಿರೋದು ದೊಡ್ಡವನ ಹೊಲ. ಹುಲ್ಲುಗಾವಲು ಅವನಿಗೆ. ಹಾಗಂತ ನಿನ್ನ ಕೈ ಬಿಡ್ತೀನಾ? ಅದರ ಕೊಯ್ಲು ಪ್ರತಿ ವರ್ಷ ನಿನ್ನದೇ. ಅವನಿಗೋಸ್ಕರ ಇಷ್ಟು ಚೆನ್ನಾಗಿ ಕೊಯ್ಯೋರು ಇನ್ಯಾರು ಸಿಕ್ತಾರೆ?"

ಕಿರಿಯಳಿಯ ಬಾಯಿ ತೆರೆದ. ಬೇಕಂತಲೇ ಎಂದ ಬಾಯಿ ಅದು, ಜೇಬಿನ ಗುಬುಟನ್ನು ಅದುಮಿ ಹಿಡಿದು ಮತ್ತೆ ಮುಚ್ಚಿಕೊಂಡ.

"ಈಗ್ಲೂ ಕೊಯ್ತಾನೆ" ಎಂದು ಬೆಸುಗೆಯವನು ಮುಗಿಸಿದ. "ಚಿಕ್ಕವನು ಬಿಸಿಲಲ್ಲಿ, ದೊಡ್ಡವನು ನೆರಳಲ್ಲಿ. ಆದ್ರೆ ನೆರಳಲ್ಲಿ ಕೂತವನಿಗೂ ಸುಖ ಇಲ್ಲ. ಮಾವ ಅವನ ಪಕ್ಕದಲ್ಲೇ ಕುರ್ಚಿ ಹಾಕಿಸ್ಕೊಂಡು ಸಂಜೆ ತನಕ ಚಿಕ್ಕವನನ್ನೇ ಹೊಗಳ್ತಿರ್ತಾನೆ."

ಬೆಂಚಿನ ಮೇಲಿದ್ದವರು ಮನಸಾರೆ ನಕ್ಕರು. ಇಂಥ ಹೊಟ್ಟೆಕಿಚ್ಚು ತಮ್ಮ ಬೀದಿಯಲ್ಲಿ ಮಾತ್ರ ಇಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಮೇಲೆ ಎದ್ದು, ಬಟ್ಟೆ ಕೊಡವಿಕೊಂಡು, ದಾರಿಯುದ್ದಕ್ಕೂ ಪಕ್ಕದ ಮನೆಗಳ ಅಂಗಳಗಳಲ್ಲಿ ಹೊಸದಾಗಿ ಏನು ಬಂದು ನಿಂತಿದೆಯೆಂದು ಕತ್ತುದ್ದ ಮಾಡಿ ನೋಡುತ್ತ ಮನೆಗೆ ಹೋದರು.