ಗ್ರಂಥಾಲಯದ ಚಾವಣಿಯನ್ನು ವಜಾಗೊಳಿಸಿದ್ದು

ನೆಬ್ರಾಸ್ಕಾದ ವಾಲ್ಡ್ರನ್ ಕಾಲೇಜಿನಲ್ಲಿ ಫುಟ್‌ಬಾಲ್ ತಂಡ ಗೆದ್ದರೆ ಹಳೆಯ ವಿದ್ಯಾರ್ಥಿಗಳು ಸಂತೋಷದಿಂದ ತಂಡಕ್ಕೆ ದೇಣಿಗೆ ಕೊಡುತ್ತಾರೆ. ಸೋತರೆ ಸಿಟ್ಟಿನಿಂದ ತಂಡಕ್ಕೇ ಕೊಡುತ್ತಾರೆ. ಗ್ರಂಥಾಲಯಕ್ಕೆ ಕೊಡುವ ಸಂದರ್ಭ ಇನ್ನೂ ಒದಗಿಬಂದಿಲ್ಲ.

ಗ್ರಂಥಪಾಲಕಿ ಮರ್ನಾ ಲಿಂಡ್‌ಕ್ವಿಸ್ಟ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗ್ರಂಥಾಲಯದ ಚಾವಣಿ ಸೋರುತ್ತಿತ್ತು. ಸೋರುವುದೆಂದರೆ ಒಂದೆರಡು ಹನಿಯಲ್ಲ. ಇತಿಹಾಸದ ಕಪಾಟಿಗೆ ಹೋಗುವವರು ಕೊಡೆ ಬಿಚ್ಚಿಕೊಂಡು ಹೋಗುತ್ತಿದ್ದರು. ವಸಂತದ ಮಳೆ ಬರುವುದರೊಳಗೆ ರಿಪೇರಿಯಾಗದಿದ್ದರೆ ಕಟ್ಟಡಕ್ಕೆ ಬೀಗ ಎಂದು ಕಟ್ಟಡ ತಪಾಸಣೆಯ ಇನ್‌ಸ್ಪೆಕ್ಟರ್ ನೋಟಿಸು ಅಂಟಿಸಿ ಹೋಗಿದ್ದರು.

ಆ ಸಲ ತಂಡ ಸಾಲಾಗಿ ಸೋತಿತು. ಕೋಚ್ ರಸ್ಟಿ ಹಾಲ್ವರ್ಸನ್ ಅವರನ್ನು ತೆಗೆಯಬೇಕೆಂದು ಎಲ್ಲರೂ ಹಟಹಿಡಿದರು. ಕೋಚನ್ನು ಅವಧಿಯ ನಡುವೆ ತೆಗೆದರೆ ಉಳಿದ ವರ್ಷಗಳ ಸಂಬಳವನ್ನೆಲ್ಲ ಒಟ್ಟಿಗೆ ಕೊಡಬೇಕು, ಒಪ್ಪಂದವೇ ಹಾಗಿರುತ್ತದೆ. ಹಳೆಯ ವಿದ್ಯಾರ್ಥಿಗಳು ಸ್ಟೇಡಿಯಂ ಹೊರಗೆ ಪಿಕಪ್ ಗಾಡಿಗಳ ಹಿಂದೆ ಸಾಸೇಜ್ ಸುಡುತ್ತಲೇ 'ಕೋಚ್ ವಜಾ ನಿಧಿ'ಯನ್ನು ತುಂಬಿಸಿಬಿಟ್ಟರು. ನಿಧಿ ತುಂಬಿದ ಮೇಲೆ ತಂಡ ಗೆಲ್ಲತೊಡಗಿ, ಕಪ್ಪನ್ನೂ ಎತ್ತಿತು.

ಮರ್ನಾ ದೇಣಿಗೆ ಕಚೇರಿಯ ನಿರ್ದೇಶಕ ಡ್ವೇನ್ ಪ್ರೊಹಾಸ್ಕಾ ಅವರಲ್ಲಿಗೆ ಹೋದರು.

"ರೀ ಡ್ವೇನ್, ಆ ದುಡ್ಡು ಸುಮ್ನೆ ಬಿದ್ದಿದೆಯಲ್ಲ, ನನ್ನ ಚಾವಣಿಗೆ ಕೊಡಿ."

"ಆಗಲ್ಲ ಮರ್ನಾ. ಕೋಚ್ ತೆಗೆಯೋಕೆ ಅಂತ ಕೊಟ್ಟಿರೋದು. ಬೇರೆಯದಕ್ಕೆ ಮುಟ್ಟಿದ್ರೆ ನಾನು ಕೋರ್ಟು ಹತ್ತಬೇಕು."

"ವಾಪಸ್ ಕೊಡಿ ಹಾಗಾದ್ರೆ."

"ದಾನಿಗಳು ತೆರಿಗೆ ರಿಯಾಯಿತಿ ತಗೊಂಡಾಯ್ತು. ಹೆಸರು ಕೆತ್ತಿದ ಫಲಕಾನೂ ಗೋಡೆಗೆ ಹಾಕಾಯ್ತು. ಯಾರನ್ನಾದ್ರೂ ತೆಗೀಲೇಬೇಕು ಕಣ್ರೀ. ಪಾಪ, ಒಟ್ಟಿಗೆ ಸಿಗೋ ಸಂಬಳದಾಸೆಗೆ ರಸ್ಟಿನೇ ಬಂದು ಕೇಳ್ತಾನೆ, ಕಪ್ ಗೆದ್ದಾಯ್ತು, ಯಾವಾಗ ತೆಗೀತೀರಿ ಅಂತ."

"ರಸ್ಟಿನೇ ಅಂತ ಷರತ್ತಿದೆಯಾ?"

ಡ್ವೇನ್ ಕನ್ನಡಕ ಹಾಕಿ ನಿಧಿಯ ಕಾಗದಪತ್ರ ನೋಡಿದರು. "ಇಲ್ಲ. 'ಕೆಲಸಕ್ಕೆ ಬಾರದ ಕೋಚ್' ಅಂತಷ್ಟೇ."

"ನನ್ನ ಹತ್ರ ಒಂದಿದೆ," ಎಂದರು ಮರ್ನಾ.

ಅದೇ ವಾರ ಪ್ರಕಟಣೆ ಹೊರಬಿತ್ತು: "ಗ್ರಂಥಾಲಯದ ಚಾವಣಿಯನ್ನು ಸೋಮವಾರ ಬೆಳಿಗ್ಗೆಯಿಂದ ಜಾರಿಗೆ ಬರುವಂತೆ ತಂಡದ ಸಹಾಯಕ ಕೋಚ್ ಹುದ್ದೆಗೆ ನೇಮಿಸಲಾಗಿದೆ. ಕರ್ತವ್ಯಲೋಪದ ಕಾರಣ ಸದರಿ ಚಾವಣಿಯನ್ನು ಅದೇ ದಿನ ಸಂಜೆಯಿಂದ ವಜಾಗೊಳಿಸಲಾಗಿದೆ. ಬಾಕಿ ಸಂಬಳವನ್ನು ಹಲಗೆ, ಡಾಂಬರು ಮತ್ತು ಕೂಲಿಯ ರೂಪದಲ್ಲಿ ಪಾವತಿಸಲಾಗುವುದು."

ಯಾರೂ ತಕರಾರು ಮಾಡಲಿಲ್ಲ. ಎಲ್ಲರಿಗಿಂತ ದೊಡ್ಡ ದಾನಿ, ಟ್ರ್ಯಾಕ್ಟರ್ ವ್ಯಾಪಾರಿ ಕ್ಲೆಮ್ ವೋಸ್‌ಬರ್ಗ್, "ಅದರ ಮುಖ ನೋಡಿದಾಗ್ಲೇ ಅಂದ್ಕೊಂಡೆ, ಇದು ಬೆಳಿಗ್ಗೆಯಿಂದ ಸಂಜೆವರೆಗೂ ಬಾಳಲ್ಲ ಅಂತ," ಎಂದರು.

ವಸಂತದ ಮಳೆ ಬಂತು. ಒಳಗೆ ಒಂದು ಹನಿಯೂ ಬೀಳಲಿಲ್ಲ. ಈಗ ಹಳೆಯ ವಿದ್ಯಾರ್ಥಿಗಳು ನಿಜಕ್ಕೂ ಕೆರಳಿದರು. ಇಂಥ ಪ್ರತಿಭೆಯನ್ನು ಕಾಲೇಜು ಕಳೆದುಕೊಂಡಿತು, ಎದುರಾಳಿ ಕಾಲೇಜಿನವರು ಹೆಚ್ಚು ಸಂಬಳಕ್ಕೆ ಅದನ್ನು ಕರೆಯುತ್ತಿದ್ದಾರಂತೆ ಎಂದು 'ಚಾವಣಿ ಮರುನೇಮಕ ನಿಧಿ' ಆರಂಭಿಸಿ ಅದನ್ನೂ ತುಂಬಿಸಿದರು.

ಐದು ವರ್ಷದ ಹೊಸ ಒಪ್ಪಂದಕ್ಕೆ ಚಾವಣಿಯ ಪರವಾಗಿ ಮರ್ನಾ ಸಹಿ ಹಾಕಿದರು. ಪೆನ್ನನ್ನು ಮಾತ್ರ ಹಿಂದಿರುಗಿಸಲಿಲ್ಲ.

"ಇನ್ನೇನು ಮರ್ನಾ?"

"ಕಿಟಕಿಗಳೂ ತುಂಬ ಕೆಟ್ಟದಾಗಿ ಆಡ್ತಿವೆ ಡ್ವೇನ್," ಎಂದರು ಅವರು.

ಡ್ವೇನ್ ನೇಮಕಾತಿಯ ಕಾಗದ ಮುಂದಿಟ್ಟರು.