ನಾಲ್ಕನೆಯ ಸಹಿ

ಆ ದಿನದ ರಂಪಕ್ಕೆಲ್ಲ ಕಾರಣ ಒಂದು ಹಾಳೆ. ಮೂರು ವರ್ಷದ ಹಿಂದೆ ಅದನ್ನು ತಯಾರಿಸಿದವಳು ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರೇ.

ಹೆರಿಗೆ ನೋವು ಅಡಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್ ಆ ಸಣ್ಣ ಆಸ್ಪತ್ರೆಗೂ ಬಂದಾಗ, ಅದು ಕೇಳಿದವರ ಕೈಗೆಲ್ಲ ಸಿಗಬಾರದೆಂದು ಅವಳು ಒಂದು ಫಾರಂ ಮಾಡಿದಳು. ನಾಲ್ಕು ಸಹಿ: ಹೆರುವವಳದು, ಗಂಡನದು, ಮನೆಯ ಹಿರಿಯರೊಬ್ಬರದು, ಕೊನೆಗೆ ವಾರ್ಡಿನ ಇನ್‌ಚಾರ್ಜ್ ಆದ ದೊಡ್ಡ ಸಿಸ್ಟರದು. ಗಂಡ ಹೊಲದಲ್ಲಿರುತ್ತಿದ್ದ, ಹಿರಿಯರು ದನದ ಹಿಂದಿರುತ್ತಿದ್ದರು. ಎಲ್ಲರೂ ಸಿಕ್ಕಿ ಸಹಿ ಬೀಳುವಷ್ಟರಲ್ಲಿ ಮಗು ಹುಟ್ಟಿ, ಹಾಲು ಕುಡಿದು, ಒಂದು ನಿದ್ದೆ ತೆಗೆದಿರುತ್ತಿತ್ತು. ಮೂರು ವರ್ಷದಲ್ಲಿ ಒಂದೇ ಒಂದು ಫಾರಮ್ಮೂ ಆ ಇಂಜೆಕ್ಷನ್ ಕೊಡುವ ಡಾಕ್ಟರ ಮೇಜು ಮುಟ್ಟಿರಲಿಲ್ಲ. "ನೋವು ತಿನ್ನದೆ ತಾಯಿ ಆಗೋದು ಹೇಗೆ?" ಎಂದು ದೊಡ್ಡ ಸಿಸ್ಟರ್ ಕೇಳುತ್ತಿದ್ದಳು. ಉತ್ತರ ಹೇಳುವ ಸ್ಥಿತಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಈಗ ಅವಳೇ ಚೊಚ್ಚಲ ಬಸುರಿ. ಹತ್ತು ದಿನದಿಂದ ರಜೆಯಲ್ಲಿದ್ದವಳನ್ನು ಬೆಳಿಗ್ಗೆ ಅವಳದೇ ವಾರ್ಡಿನ ಮೂರನೆಯ ಹಾಸಿಗೆಯಲ್ಲಿ ಮಲಗಿಸಿದ್ದರು. ಹನ್ನೊಂದು ಗಂಟೆಗೆ ಒಂದು ನೋವು ಬಂತು. ಸೊಂಟವನ್ನು ಒದ್ದೆ ಬಟ್ಟೆಯ ಹಾಗೆ ಎರಡೂ ಕಡೆಯಿಂದ ಹಿಂಡಿ ಹೋಯಿತು. ಅದು ಹೋದ ಮೇಲೆ ಅವಳು ಆಯಾಳನ್ನು ಕರೆದಳು.

"ಬೆನ್ನಿನ ಇಂಜೆಕ್ಷನ್ ಬೇಕು ನಂಗೆ. ಫಾರಂ ತಾ."

ಆಯಾಳ ಕೈಯಿಂದ ಬೇಸಿನ್ ಜಾರಿ ವಾರ್ಡಿನ ಆ ತುದಿಯವರೆಗೂ ಉರುಳಿಕೊಂಡು ಹೋಯಿತು. "ಅಲ್ಲ ಸಿಸ್ಟರ್, ನೋವು ತಿನ್ನದೆ ತಾಯಿ ಆಗಲ್ಲ ಅಂತ ನೀವೇ..."

"ಹಾಗೆ ಹೇಳ್ತಿದ್ದೋಳಿಗೆ ನೋವಿರ್ಲಿಲ್ಲ. ಈಗ ಕೇಳ್ತಿರೋಳಿಗೆ ಇದೆ. ತಾ ಅಂದ್ರೆ ತಾ!"

ಪಕ್ಕದ ನಾಲ್ಕನೆಯ ಹಾಸಿಗೆಯಲ್ಲಿ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ನೋವಿನ ನಡುವೆಯೂ ತಲೆಯೆತ್ತಿ ನೋಡಿದಳು. ಅವಳೂ ನಸುಕಿನಲ್ಲೇ ಇಂಜೆಕ್ಷನ್ ಕೇಳಿದ್ದಳು. ಮೂರು ಸಹಿ ಬಿದ್ದ ಅವಳ ಫಾರಂ ಆಫೀಸಿನ ಟ್ರೇಯಲ್ಲಿ ತಣ್ಣಗೆ ಕೂತಿತ್ತು.

ಮೊದಲನೆಯ ಸಹಿಯನ್ನು ದೊಡ್ಡ ಸಿಸ್ಟರ್ ಒಂದೇ ಉಸಿರಿಗೆ ಹಾಕಿದಳು. ಗಂಡ ಪಂಪ್‌ಸೆಟ್ ರಿಪೇರಿಯವನು. ಫೋನ್ ಬಂದದ್ದೇ ತಡ, ಬಿಚ್ಚಿದ ಮೋಟರನ್ನು ಯಾರದೋ ಬಾವಿಯ ದಂಡೆಯ ಮೇಲೆ ಹಾಗೇ ಬಿಟ್ಟು ಓಡಿ ಬಂದ. ಫಾರಮ್ಮನ್ನು ಭಯಭಕ್ತಿಯಿಂದ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿಟ್ಟಾಗ ಅದರ ಮೇಲೆ ಗ್ರೀಸಿನ ಹತ್ತು ಬೆರಳೂ ಮೂಡಿದ್ದವು. ಆಫೀಸಿನ ಗುಮಾಸ್ತ ಹಾಳೆಯನ್ನು ಬೆಳಕಿಗೆ ಹಿಡಿದು, "ಇದು ನಡೆಯಲ್ಲ. ಹೆಂಡ್ತಿ ಹೆಸರು ಎಲ್ಲಿದೆ ಇದ್ರಲ್ಲಿ?" ಎಂದ.

"ಇಲ್ಲೇ ಇತ್ತಲ್ಲ ಸಾರ್, ಹೆಬ್ಬೆಟ್ಟಿನ ಕೆಳಗೆ."

ಅವನು ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿಕೊಂಡು ಬಂದು ಹೆಂಡತಿ ಮತ್ತೆ ಸಹಿ ಮಾಡಿದ್ದ ಹೊಸ ಫಾರಮ್ಮಿಗೆ ತನ್ನದನ್ನು ಹಾಕುವಷ್ಟರಲ್ಲಿ ಒಂದೂವರೆ ಆಗಿತ್ತು. ಇಂಜೆಕ್ಷನ್ ಡಾಕ್ಟರು ವಾರಕ್ಕೆರಡು ದಿನ ಬೇರೆ ಊರಿಂದ ಬರುವವರು. ಇವತ್ತು ಬಂದಿದ್ದರು, ಆದರೆ ನಾಲ್ಕರ ಬಸ್ಸಿಗೆ ಹೊರಟುಬಿಡುತ್ತಾರೆ.

ಹಿರಿಯರ ಸಹಿಗೆ ಅತ್ತೆ ಸ್ಟೂಲಿನ ಮೇಲೆ ಕೂತೇ ಇದ್ದಳು. ಪೆನ್ನನ್ನು ಮಾತ್ರ ಮುಟ್ಟಲಿಲ್ಲ.

"ನಾಲ್ಕು ಹೆತ್ತಿದೀನಿ ನಾನು. ಒಂದಂತೂ ಕಳೆ ಕೀಳೋಕೆ ಹೋದಲ್ಲೇ ಆಯ್ತು. ಯಾವ ಇಂಜೆಕ್ಷನ್ನೂ ಇಲ್ಲ, ಗಿಂಜೆಕ್ಷನ್ನೂ ಇಲ್ಲ."

"ನಿಮ್ಮ ಮಗ ಹುಟ್ಟೋಕೆ ಎಷ್ಟು ಹೊತ್ತಾಯ್ತು ಅತ್ತೆ?"

"ಇವನಾ? ಎರಡು ಹಗಲು, ಒಂದು ರಾತ್ರಿ. ಆಗ್ಲೂ ಇವ್ನು ಹೀಗೇ, ಎಲ್ಲದಕ್ಕೂ ತಡ."

ಗಂಡ ಕಿಟಕಿಯ ಕಡೆ ತಿರುಗಿಕೊಂಡ. ದೊಡ್ಡ ಸಿಸ್ಟರಿಗೆ ಮತ್ತೊಂದು ನೋವು ಬಂತು. ಅದು ತಗ್ಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಎರಡನೇ ಹಗಲು ಯಾರಾದ್ರೂ ಬಂದು, ಈ ನೋವು ಕಮ್ಮಿ ಮಾಡ್ಲೇನಮ್ಮಾ ಅಂತ ಕೇಳಿದ್ರೆ, ಬೇಡ ಅಂತಿದ್ರಾ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಕೇಳೋರು ಯಾರಿದ್ರೇ ಆಗ?" ಎಂದಳು. ಆಮೇಲೆ ಯಾರ ಮೇಲೋ ಸಿಟ್ಟು ಬಂದವಳಂತೆ, "ಕೊಡಿಲ್ಲಿ ಪೆನ್ನು!" ಎಂದು ಕಿತ್ತುಕೊಂಡು ಹಾಳೆ ಹರಿಯುವಷ್ಟು ಒತ್ತಿ ಸಹಿ ಹಾಕಿದಳು.

ಮೂರು ಸಹಿ ಹೊತ್ತು ಓಡಿದ ಆಯಾ ಬರಿಗೈಯಲ್ಲಿ ಬಂದಳು. ಅವಳ ಹಿಂದೆ ಗುಮಾಸ್ತ.

"ಇನ್‌ಚಾರ್ಜ್ ಸಹಿ ಇಲ್ಲ ಸಿಸ್ಟರ್. ಅವರು ರಜೆಯಲ್ಲಿದಾರೆ."

"ರಜೆಯಲ್ಲಿರೋಳು ನಾನೇ ಕಣ್ರೀ!"

"ಅದಕ್ಕೇ ಹೇಳಿದ್ದು. ರಜೆಯಲ್ಲಿರೋರು ಸಹಿ ಹಾಕೋ ಹಾಗಿಲ್ಲ. ಪಕ್ಕದ ಹಾಸಿಗೆಯವ್ರದೂ ಹಾಗೇ ನಿಂತಿದೆ."

"ನನ್ನ ಜಾಗಕ್ಕೆ ಯಾರು?"

"ಯಾರನ್ನಾದ್ರೂ ಹಾಕಿ ಅಂತ ಬರೆದಿದೀನಿ. ಆರ್ಡರ್ ಬರಬೇಕು." ಗುಮಾಸ್ತನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಗೋಡೆಗೆ ಕೆಟ್ಟತನ ಎಲ್ಲಿಂದ ಬರಬೇಕು? "ನಿಯಮ ತಮ್ಮದೇ ಸಿಸ್ಟರ್. ಬಹಳ ಚೆನ್ನಾಗಿ ಮಾಡಿದೀರಿ. ಎಲ್ಲೂ ಒಂದು ಸಂದು ಇಲ್ಲ."

ದೊಡ್ಡ ಸಿಸ್ಟರ್ ಹಾಸಿಗೆಯಿಂದ ಇಳಿದಳು. ಆಯಾ, ಅತ್ತೆ, ಗಂಡ ಮೂವರೂ "ಅಯ್ಯೋ ಅಯ್ಯೋ" ಎನ್ನುತ್ತ ಹಿಂದೆ ಬಂದರು. ಗ್ಲೂಕೋಸ್ ಬಾಟಲಿಯ ಕಂಬವನ್ನು ದೂಡಿಕೊಂಡು, ಹತ್ತು ಹೆಜ್ಜೆಗೊಮ್ಮೆ ಗೋಡೆಗೆ ಹಣೆಯೊತ್ತಿ ನಿಂತು, ಉದ್ದನೆಯ ಕಾರಿಡಾರ್ ದಾಟಿ ಅವಳು ಆಫೀಸು ಹೊಕ್ಕಳು. ಹಾಜರಿ ಪುಸ್ತಕ ಎಳೆದುಕೊಂಡು, ತನ್ನ ಹೆಸರಿನ ಮುಂದಿದ್ದ 'ರಜೆ'ಯನ್ನು ಹೊಡೆದುಹಾಕಿ, ಸಹಿ ಗೀಚಿದಳು.

"ರಜೆ ರದ್ದು. ಡ್ಯೂಟಿಗೆ ಬಂದಿದೀನಿ. ಈಗ ಏನ್ ಹೇಳ್ತೀರಿ?"

ಗುಮಾಸ್ತ ಗಡಿಯಾರ ನೋಡಿ ಸಮಯ ಬರೆದುಕೊಂಡ. "ಎರಡು ಐವತ್ತು. ಏನೂ ಹೇಳಲ್ಲ ಸಿಸ್ಟರ್."

ಟ್ರೇಯಲ್ಲಿ ಎರಡು ಫಾರಮ್ಮುಗಳಿದ್ದವು. ಮೇಲಿದ್ದದ್ದು ಇಟ್ಟಿಗೆ ಗೂಡಿನ ಹುಡುಗಿಯದು. ದೊಡ್ಡ ಸಿಸ್ಟರ್ ಅದಕ್ಕೂ ಸಹಿ ಹಾಕಿದಳು, ಕೆಳಗಿದ್ದ ತನ್ನದಕ್ಕೂ ಹಾಕಿದಳು. ತಿರುಗಿ ಬರುವಾಗ ಅವಳ ನಡಿಗೆಯಲ್ಲಿ ಕುಸ್ತಿ ಗೆದ್ದವರ ಗತ್ತಿತ್ತು. ನಡುವೆ ಒಮ್ಮೆ ನೋವು ಬಂದು ಗಂಡನ ಕಿವಿ ಹಿಡಿದು ನಿಲ್ಲಬೇಕಾದದ್ದು ಬೇರೆ ಮಾತು.

ಇಂಜೆಕ್ಷನ್ ಡಾಕ್ಟರು ಬಂದರು. ನೇರವಾಗಿ ನಾಲ್ಕನೆಯ ಹಾಸಿಗೆಗೆ ಹೋದರು. ಸರಿ, ಅವಳು ಮೊದಲು ಕೇಳಿದವಳು ಎಂದು ದೊಡ್ಡ ಸಿಸ್ಟರ್ ಹಲ್ಲು ಕಚ್ಚಿ ಕಾದಳು. ಹೊತ್ತು ಹೋಗುತ್ತ ಹುಡುಗಿಯ ಮುಖ ಹೊಲದ ಮೇಲಿನ ಮಂಜು ಕರಗಿದಂತೆ ತಿಳಿಯಾಯಿತು. ಡಾಕ್ಟರು ಪೆಟ್ಟಿಗೆ ಮುಚ್ಚಿದರು.

"ಡಾಕ್ಟ್ರೇ, ನಂದು?"

"ನಿಮ್ಮ ಫಾರಂ ವಾಪಸ್ ಹೋಯ್ತಲ್ಲಮ್ಮ. ಒಳರೋಗಿಗಳ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ."

ಗುಮಾಸ್ತ ಬಾಗಿಲಲ್ಲೇ ನಿಂತಿದ್ದ. "ಡ್ಯೂಟಿ ಮೇಲಿರೋರು ರೋಗಿ ಆಗೋ ಹಾಗಿಲ್ಲ ಸಿಸ್ಟರ್. ತಾವು ಸಹಿ ಮಾಡಿದ ಕೂಡ್ಲೇ ಹೆಸರು ಹೊಡೆದ್ಹಾಕಿದೆ."

ಅವಳು ಅವನಿಗೆ ಏನು ಹೇಳಬೇಕೆಂದಿದ್ದಳೋ ಅದು ಮಾತಾಗಿ ಬರಲಿಲ್ಲ, ಕೂಗಾಗಿ ಬಂತು. ಹೊರಗೆ ಮರದಲ್ಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಹಾರಿಹೋದವು. ಮಗುವಿನ ತಲೆ ಕಾಣುತ್ತಿತ್ತು. ಡಾಕ್ಟರು ಕೈಕವಚ ಹಾಕಿಕೊಂಡು ಓಡಿ ಬಂದರು, ಆದರೆ ಇಂಜೆಕ್ಷನ್ನಿನ ಕಾಲ ಮುಗಿದಿತ್ತು. ಪಕ್ಕದ ಹುಡುಗಿ ಜಡೆ ಸರಿಮಾಡಿಕೊಳ್ಳುತ್ತ ತುಂಬು ಮರುಕದಿಂದ ವಿಚಾರಿಸಿದಳು: "ಸಿಸ್ಟರ್, ತುಂಬಾ ನೋಯ್ತಿದೆಯಾ?"

"ಹೂಂ ಕಣೇ, ನೋಯ್ತಿದೆ! ನೋಯ್ತಿದೆ, ಇದ್ರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ! ಎಲ್ರೂ ಕೇಳಿಸ್ಕೊಳ್ಳಿ, ಏನೂ ಇಲ್ಲ!"

ಮೂರು ನಲವತ್ತಕ್ಕೆ ಹೆಣ್ಣು ಮಗು ಹುಟ್ಟಿತು. ತಾಯಿಗಿಂತ ಒಂದು ಪಟ್ಟು ಹೆಚ್ಚು ಜೋರಾಗಿ ಅತ್ತಿತು.

ಬೆವರು ಒರೆಸುವ ಮೊದಲೇ ದೊಡ್ಡ ಸಿಸ್ಟರ್ ಫಾರಂ ಪುಸ್ತಕ ತರಿಸಿದಳು. ಒಂದೊಂದೇ ಹಾಳೆ ತಿರುವಿ, ಗಂಡ, ಹಿರಿಯರು, ಇನ್‌ಚಾರ್ಜ್ ಮೂರನ್ನೂ ಅಡ್ಡಗೀಟೆಳೆದು ಹೊಡೆದುಹಾಕಿದಳು. "ಇನ್ಮೇಲೆ ಒಂದೇ ಸಹಿ. ಹೆರೋಳದು. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ."

ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು, "ಗಟ್ಟಿಯಾಗಿ ಗೀಟೆಳಿ, ಹಿಂದಿನ ಹಾಳೆಗೂ ಬೀಳ್ಲಿ," ಎಂದಳು.

ಗುಮಾಸ್ತ ತಲೆಯಾಡಿಸಿದ. "ಡ್ಯೂಟಿ ಮೇಲಿರೋ ಇನ್‌ಚಾರ್ಜ್ ಹೇಳಿದ ಮೇಲೆ ಮುಗೀತು. ಇವತ್ತಿಂದ ಹಾಗೇ." ನಂತರ ಕೆಮ್ಮಿದ. "ಇನ್ನೊಂದು ವಿಷಯ ಸಿಸ್ಟರ್. ರಜೆ ರದ್ದಾಗಿದೆಯಲ್ಲ, ಮತ್ತೆ ಬೇಕಂದ್ರೆ ಹೊಸ ಅರ್ಜಿ. ಮಂಜೂರಾಗೋಕೆ ಹದಿನೈದು ದಿನ. ನಾಳೆ ಎಂಟಕ್ಕೆ ಡ್ಯೂಟಿ. ಮತ್ತೆ..." ಅವನು ಹಾಜರಿ ಪುಸ್ತಕ ತೆರೆದ. "ಮೂರು ಇಪ್ಪತ್ತರಿಂದ ಮೂರು ನಲವತ್ತರವರೆಗೆ ತಾವು ಕೆಲಸದಲ್ಲಿ ಇರ್ಲಿಲ್ಲ. ಕಾರಣ ಏನಂತ ಬರ್ಕೊಳ್ಲಿ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾಲ್ಕು ಸಹಿ ಅಂತ ಬರ್ಕೊಳ್ರೀ."